ಪದಚರ್ಚೆ: 'ನಾನ್-ಇನ್ವೇಸಿವ್' ಅನ್ನುವುದಕ್ಕೆ ಕರಪತ್ರದಲ್ಲಿ ಏನು ಬರೆಯೋಣ?

ಎಲ್ಲರಿಗೂ ನಮಸ್ಕಾರ. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಸಂಘದ ಮಹಿಳಾ ವಿಭಾಗದವರು ಸ್ತನ ಕ್ಯಾನ್ಸರ್ ತಪಾಸಣೆ ಬಗ್ಗೆ ಸಣ್ಣ ಕರಪತ್ರ ಮಾಡುತ್ತಿದ್ದಾರೆ. ಕನ್ನಡ ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಕರಡಿನಲ್ಲಿ 'ಆಕ್ರಮಣಕಾರಿಯಲ್ಲದ ಚಿತ್ರಣ ವಿಧಾನಗಳು' ಅಂತ ಇದೆ. ಇದನ್ನು ಓದಿದ ಹೆಂಗಸರು ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಹೇಳಬೇಕಾಗಿರುವುದು ಇಷ್ಟೇ: ಕೊಯ್ಯದೆ, ಸೂಜಿ ಹಾಕಿ ತುಣುಕು ತೆಗೆಯದೆ, ಹೊರಗಿನಿಂದಲೇ ಒಳಗಿನ ಚಿತ್ರ ತೆಗೆಯುವುದು. ಮ್ಯಾಮೊಗ್ರಫಿ (ಸ್ತನದ ಎಕ್ಸ್-ರೇ), ಸೋನೋಗ್ರಫಿ (ಅಲ್ಟ್ರಾಸೌಂಡ್), ಎಂಆರ್‌ಐ ಇದರಲ್ಲಿ ಬರುತ್ತವೆ, ತುಣುಕು ತೆಗೆದು ನೋಡುವ ಬಯಾಪ್ಸಿ ಬರುವುದಿಲ್ಲ.

ಕಿವಿಗೆ ಚೆನ್ನಾಗಿಲ್ಲ ಅನ್ನುವುದಷ್ಟೇ ಆಗಿದ್ದರೆ ನಾನೇ ತಿದ್ದಿ ಮುಗಿಸುತ್ತಿದ್ದೆ. ತೊಡಕು ಬೇರೆ ಇದೆ. ಡಾಕ್ಟರುಗಳು ನಾನ್-ಇನ್ವೇಸಿವ್ ಅನ್ನುವ ಇದೇ ಪದವನ್ನು ಕಾಯಿಲೆಗೂ ಬಳಸುತ್ತಾರೆ. ಹಾಲಿನ ನಾಳದ ಒಳಗೇ ಇದ್ದು, ಅದರ ಗೋಡೆ ದಾಟಿ ಪಕ್ಕದ ಭಾಗಕ್ಕೆ ಹೋಗದ ಕ್ಯಾನ್ಸರ್ ಇರುತ್ತದಲ್ಲ, ಡಿಸಿಐಎಸ್ ಅಂತಾರೆ, ಅದೂ ನಾನ್-ಇನ್ವೇಸಿವ್. ಗೋಡೆ ದಾಟಿತೋ, ಇನ್ವೇಸಿವ್. ಅಂದರೆ ನಾನ್-ಇನ್ವೇಸಿವ್ ಪರೀಕ್ಷೆಯಲ್ಲಿ ಇನ್ವೇಸಿವ್ ಕ್ಯಾನ್ಸರಿನ ಗಡ್ಡೆ ಕಾಣಬಹುದು, ಇನ್ವೇಸಿವ್ ಆದ ಬಯಾಪ್ಸಿ ಮಾಡಿದಾಗ ನಾನ್-ಇನ್ವೇಸಿವ್ ಕ್ಯಾನ್ಸರ್ ಅಂತ ಗೊತ್ತಾಗಬಹುದು. ಕರಡಿನಲ್ಲಿ ಎರಡಕ್ಕೂ 'ಆಕ್ರಮಣಕಾರಿ'ಯೇ ಗತಿ. ರಿಪೋರ್ಟಿನಲ್ಲಿ ಇನ್ವೇಸಿವ್ ಅಂತ ಕಂಡವರು, ಓ, ಪರೀಕ್ಷೆ ಮಾಡಿದ ರೀತಿಯ ಹೆಸರು ಇರಬೇಕು ಅಂದುಕೊಂಡು ಸುಮ್ನೆ ಕೂತರೆ?

ಎರಡಕ್ಕೆ ಎರಡು ಪದ ಬೇಕೇ ಬೇಕು ಅನ್ನುವುದು ನನ್ನ ಅಭಿಪ್ರಾಯ. ಕಾಯಿಲೆಗೆ 'ನಾಳ ದಾಟದ' ಅನ್ನಬಹುದಿತ್ತು, ಆದರೆ ಹಾಲಿನ ಗ್ರಂಥಿಯಲ್ಲಿ ಶುರುವಾಗುವ ಕ್ಯಾನ್ಸರೂ ಇದೆ. ಹಾಗಾಗಿ 'ಹುಟ್ಟಿದಲ್ಲೇ ಉಳಿದ', 'ಸುತ್ತ ಹಬ್ಬಿದ' ಅಂತ ಮಾಡೋಣ ಅಂದುಕೊಂಡಿದ್ದೇನೆ. 'ಹರಡಿದ' ಅನ್ನುವ ಪದವನ್ನು ಇಲ್ಲಿ ಮುಟ್ಟುವುದು ಬೇಡ. ಮೂಳೆಗೋ ಶ್ವಾಸಕೋಶಕ್ಕೋ ಹೋದ ಕ್ಯಾನ್ಸರಿಗೆ ಜನ ಈಗಾಗಲೇ ಆ ಪದ ಬಳಸುತ್ತಾರೆ, ಇನ್ವೇಸಿವ್ ಆದದ್ದೆಲ್ಲ ಅಲ್ಲಿಗೆ ಹೋಗಿರಬೇಕು ಅಂತೇನಿಲ್ಲ.

ಪರೀಕ್ಷೆಗೆ ಏನನ್ನೋಣ? 'ಚುಚ್ಚದ ಪರೀಕ್ಷೆ' ಚೆನ್ನಾಗಿದೆ, ಆದರೆ ಕ್ಯಾನ್ಸರ್ ಹುಡುಕಲು ಮಾಡುವ ಎಂಆರ್‌ಐಯಲ್ಲಿ ಸಾಮಾನ್ಯವಾಗಿ ಚಿತ್ರ ಸ್ಪಷ್ಟವಾಗಲಿ ಅಂತ ಗ್ಯಾಡೋಲಿನಿಯಂ ಅನ್ನುವ ಲೋಹ ಇರುವ ಔಷಧಿಯನ್ನು ನರಕ್ಕೆ ಚುಚ್ಚುತ್ತಾರೆ. 'ನೋವಿಲ್ಲದ' ಅಂದರೆ ಸುಳ್ಳಾಗುತ್ತದೆ. ಮ್ಯಾಮೊಗ್ರಫಿಯಲ್ಲಿ ಸ್ತನವನ್ನು ಎರಡು ಪ್ಲೇಟುಗಳ ನಡುವೆ ಒತ್ತಿ ಹಿಡಿಯುತ್ತಾರೆ, ಸ್ವಲ್ಪ ಹೊತ್ತೇ ಆದರೂ ಕೆಲವರಿಗೆ ಚೆನ್ನಾಗೇ ನೋಯುತ್ತದೆ. ನೋವಿಲ್ಲ ಅಂತ ನಂಬಿಸಿ ಕಳಿಸಿದರೆ ಮುಂದಿನ ಸಲ ಯಾರು ಹೋಗುತ್ತಾರೆ? ಇನ್ನು 'ಹೊರಗಿನ ಪರೀಕ್ಷೆ' ಅಂದರೆ ಕೈಯಿಂದ ಮುಟ್ಟಿ ನೋಡುವುದೂ ಸೇರಿಬಿಡುತ್ತದೆ. ಅದನ್ನು ಕಡೆಗಣಿಸಿ ಈ ಮಾತು ಹೇಳುತ್ತಿಲ್ಲ. ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಯವರು 1998ರಲ್ಲಿ ಶುರು ಮಾಡಿ ಒಂದೂವರೆ ಲಕ್ಷ ಮುಂಬೈ ಹೆಂಗಸರನ್ನು ಎರಡು ಗುಂಪು ಮಾಡಿ ಇಪ್ಪತ್ತು ವರ್ಷ ನಡೆಸಿದ ಅಧ್ಯಯನದಲ್ಲಿ, ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಕೈಯಿಂದ ಪರೀಕ್ಷಿಸಿದ ಗುಂಪಿನಲ್ಲಿ 50 ದಾಟಿದವರ ಸ್ತನ ಕ್ಯಾನ್ಸರ್ ಸಾವು ಇನ್ನೊಂದು ಗುಂಪಿಗಿಂತ ಸುಮಾರು ಶೇ. 30ರಷ್ಟು ಕಡಿಮೆ ಇತ್ತು. ಅದಕ್ಕೆ ಕರಪತ್ರದಲ್ಲಿ ಬೇರೆ ಜಾಗ ಇದೆ. ಸದ್ಯಕ್ಕೆ ನನ್ನ ಆಯ್ಕೆ 'ಹೊರಗಿನಿಂದ ಚಿತ್ರ ತೆಗೆಯುವ ಪರೀಕ್ಷೆ'. ಉದ್ದ ಆಯಿತು, ಗೊತ್ತು.

ಕರಡಿನಲ್ಲಿ 'ಗಟ್ಟಿ ಸ್ತನ' ಅಂತಲೂ ಇದೆ, ಡೆನ್ಸ್ ಅನ್ನುವುದಕ್ಕೆ. ಇದು ಬೇಡವೇ ಬೇಡ. ಮ್ಯಾಮೊಗ್ರಾಮಿನಲ್ಲಿ ಕೊಬ್ಬು ಕಪ್ಪಗೆ ಕಾಣುತ್ತದೆ, ಗ್ರಂಥಿ ಮತ್ತು ನಾರಿನ ಭಾಗ ಬೆಳ್ಳಗೆ. ಗಡ್ಡೆಯೂ ಬೆಳ್ಳಗೇ. ಬಿಳಿ ಜಾಸ್ತಿ ಇದ್ದರೆ ಗಡ್ಡೆ ಅದರಲ್ಲೇ ಮರೆಯಾಗಬಹುದು, ಅಂಥವರಿಗೆ ಸೋನೋಗ್ರಫಿಯನ್ನೂ ಮಾಡಿಸಿ ಅಂತ ಹೇಳುವುದುಂಟು. ಇದು ಚಿತ್ರದಲ್ಲಿ ಕಾಣುವ ಗುಣ, ಕೈಗೆ ತಿಳಿಯುವುದಲ್ಲ. 'ಗಟ್ಟಿ' ಅಂತ ಓದಿದವರು ಮುಟ್ಟಿ ನೋಡಿಕೊಂಡು, ನಂದು ಮೆತ್ತಗಿದೆ ಬಿಡು ಅಂದುಬಿಡುತ್ತಾರೆ. 'ದಟ್ಟ' ಆಗಬಹುದು ಅಲ್ವಾ?

ಮ್ಯಾಮೊಗ್ರಫಿಗೆ 'ಎದೆಯ ಎಕ್ಸ್-ರೇ' ಅಂತ ಯಾರೋ ನಾಚಿಕೊಂಡು ಬರೆದಿದ್ದನ್ನು ಹೊಡೆದು ಹಾಕಿದ್ದೇನೆ. ಹಾಗೆ ಕೇಳಿದರೆ ಲ್ಯಾಬಿನವರು ಶ್ವಾಸಕೋಶದ ಫೋಟೋ ತೆಗೆದು ಕಳಿಸುತ್ತಾರೆ. ಸೋನೋಗ್ರಫಿಗೆ ಬರೆದಿದ್ದ 'ಸ್ಕ್ಯಾನಿಂಗ್' ಕೂಡ ತೆಗೆದೆ. ಬೆಂಗಳೂರಿನಲ್ಲಿ ಸ್ಕ್ಯಾನಿಂಗ್ ಅಂದರೆ ಸಾಕು, ಇಲ್ಲಿ ಮರಾಠಿಯವರ ಜೊತೆ ನಾವೂ ಸೋನೋಗ್ರಫಿ ಅಂತಲೇ ಅನ್ನುವುದು.

ಕಲಬುರಗಿ, ವಿಜಯಪುರದ ಕಡೆಯವರು, ಕರಾವಳಿಯವರು ಸ್ವಲ್ಪ ಹೇಳಿ. ನಿಮ್ಮ ಮನೆಯ ಹೆಂಗಸರು ಈ ಪರೀಕ್ಷೆಗಳಿಗೆ ಒಟ್ಟಾಗಿ ಏನಂತಾರೆ? 'ಹುಟ್ಟಿದಲ್ಲೇ ಉಳಿದ' ಅನ್ನುವುದಕ್ಕಿಂತ ಚಿಕ್ಕದು ಇದೆಯಾ? ಶುಕ್ರವಾರದ ಒಳಗೆ ಬರೆದರೆ ಪ್ರೆಸ್ಸಿಗೆ ಹೋಗುವ ಮೊದಲು ಸೇರಿಸಬಹುದು.