ಬಿದಿರು, ಗ್ಲಾಸ್, ಕಾರ್ಬನ್: ನದಿ ಮೀನಿಗೆ ಹಳೆಯ ಗಾಳದ ಕೋಲು ಇಂದಿಗೂ ಸರಿಹೊಂದುತ್ತದೆಯೇ?

ಕೆನೆಟ್ ತೀರದವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದು, ಬಿಡುವಾದಾಗ ಕೆನೆಟ್ ನದಿಯಲ್ಲಿ ಗಾಳ ಹಾಕುತ್ತೇನೆ. ಇಲ್ಲಿನವರು ಕೋರ್ಸ್ ಫಿಶಿಂಗ್ ಎನ್ನುವ ಬಗೆ ಇದು. ಟ್ರೌಟ್, ಸಾಲ್ಮನ್‌ಗಳನ್ನು ಬಿಟ್ಟು ಚಬ್, ರೋಚ್, ಪರ್ಚ್, ಬಾರ್ಬೆಲ್‌ಗಳಂತಹ ಸಿಹಿನೀರಿನ ಮೀನುಗಳನ್ನು ಹಿಡಿದು, ನೋಡಿ, ಜೋಪಾನವಾಗಿ ನೀರಿಗೆ ಮರಳಿಸುವುದು. ನನ್ನಲ್ಲಿರುವುದು 11 ಅಡಿ ಉದ್ದದ, 1.25 ಪೌಂಡ್ ಟೆಸ್ಟ್ ಕರ್ವ್ (ಕೋಲಿನ ಬಲ ಸೂಚಿಸುವ ಅಂಕಿ) ಎಂದು ಬರೆದಿರುವ, ಏವನ್ ಎಂಬ ಮಧ್ಯಮ ಬಲದ ಬಗೆಯ ಕಾರ್ಬನ್ ಕೋಲು.

ಈಚೆಗೆ ಪಕ್ಕದ ಮನೆಯ ಹಿರಿಯರು ತಮ್ಮ ಎರಡು ಹಳೆಯ ಕೋಲುಗಳನ್ನು ನನಗೆ ಕೊಟ್ಟರು. ಒಂದು, ಬಿದಿರಿನ ಸೀಳುಗಳನ್ನು ಅಂಟಿಸಿ ಮಾಡಿದ 10 ಅಡಿಯ ಸ್ಪ್ಲಿಟ್ ಕೇನ್. ಇನ್ನೊಂದು, 1970ರ ದಶಕದ ಟೊಳ್ಳು ಗ್ಲಾಸ್ ಫೈಬರ್ ಕೋಲು. ಇವನ್ನು ಗೋಡೆಗೆ ತೂಗುಹಾಕಲು ನನಗೆ ಮನಸ್ಸಿಲ್ಲ, ಬಳಸಬೇಕೆಂಬ ಆಸೆಯಿದೆ. ಆದರೆ ಹಳೆಯ ಕೋಲುಗಳ ಮೇಲೆ ಯಾವ ಅಂಕಿಯೂ ಇಲ್ಲ. ಅವುಗಳ ಬಲವನ್ನು ಹೊಸದರೊಂದಿಗೆ ಹೋಲಿಸುವುದು ಹೇಗೆ? ಯಾವ ಮೀನಿಗೆ, ಯಾವ ನೀರಿಗೆ ಯಾವ ಕೋಲನ್ನು ಒಯ್ಯಬೇಕು? ಬಳಸಿ ಬಲ್ಲವರು ದಯವಿಟ್ಟು ತಿಳಿಸಿ.

ಬಿದಿರು ಮತ್ತು ಬೆಂಡು (ಉತ್ತರ)

ಟೆಸ್ಟ್ ಕರ್ವ್ ಅನ್ನು ನೀವೇ ಮನೆಯಲ್ಲಿ ಅಳೆಯಬಹುದು. ಕೋಲಿನ ಹಿಡಿಯನ್ನು ಮೇಜಿನ ಮೇಲೆ ಅಲುಗದಂತೆ ಹಿಡಿದಿಟ್ಟು, ಉಂಗುರಗಳ ಮೂಲಕ ತಂಗೂಸಿಯನ್ನು (ಗಾಳದ ನೂಲನ್ನು) ಹಾಯಿಸಿ, ಅದರ ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ನಿಧಾನವಾಗಿ ಎಳೆಯಿರಿ. ಕೋಲಿನ ತುದಿಯು ಹಿಡಿಗೆ ಲಂಬಕೋನದಲ್ಲಿ ಬಾಗಿದಾಗ ತಕ್ಕಡಿ ತೋರಿಸುವ ತೂಕವೇ ಟೆಸ್ಟ್ ಕರ್ವ್. ಈ ಲೆಕ್ಕವನ್ನು ಗಾಳಗಾರರ ನಡುವೆ ಬಳಕೆಗೆ ತಂದವರು ಇಂಗ್ಲೆಂಡಿನ ಹೆಸರಾಂತ ಗಾಳಗಾರ ರಿಚರ್ಡ್ ವಾಕರ್. ಆ ಅಂಕಿಯ ಐದು ಪಟ್ಟು ಬಲದ ನೂಲು ಕೋಲಿಗೆ ಹೊಂದುತ್ತದೆ ಎಂಬುದು ರೂಢಿ, 1.5 ಪೌಂಡಿನ ಕೋಲಿಗೆ 7.5 ಪೌಂಡಿನ ನೂಲು. ಎಸೆಯುವ ತೂಕವನ್ನು ಪ್ರತಿ ಪೌಂಡಿಗೆ ಒಂದು ಔನ್ಸ್ ಎಂದು ಹಿಡಿಯುತ್ತಾರೆ.

ಆದರೆ ಈ ಅಂಕಿ ಹೇಳದೆ ಬಿಡುವ ಸಂಗತಿಗಳೇ ಹಳತು ಹೊಸತರ ನಿಜವಾದ ವ್ಯತ್ಯಾಸ ಎಂಬುದು ನನ್ನ ಅಭಿಪ್ರಾಯ. ಒಂದೇ ಟೆಸ್ಟ್ ಕರ್ವ್ ಇರುವ ಎರಡು ಕೋಲುಗಳಲ್ಲಿ ಒಂದು ತುದಿಯ ಬಳಿ ಮಾತ್ರ ಬಾಗಬಹುದು, ಇನ್ನೊಂದು ಹಿಡಿಯವರೆಗೂ ಬಾಗಬಹುದು. ಒಂದು ಬಾಗಿದ ಕೂಡಲೇ ನೆಟ್ಟಗಾಗಬಹುದು, ಇನ್ನೊಂದು ಹಲವು ಸಲ ಓಲಾಡಿದ ಮೇಲಷ್ಟೇ ನಿಲ್ಲಬಹುದು. ಸ್ಪ್ಲಿಟ್ ಕೇನ್ ಎಂದರೆ ಚೀನಾದ ಟೊಂಕಿನ್ ಬಿದಿರನ್ನು ತ್ರಿಕೋನಾಕಾರದ ಆರು ಸೀಳುಗಳಾಗಿ ಕೊಯ್ದು, ಗಟ್ಟಿ ನಾರಿರುವ ಹೊರಮೈ ಹೊರಗೆ ಬರುವಂತೆ ಅಂಟಿಸಿದ ಕೋಲು. ನಮ್ಮ ಮಲೆನಾಡಿನ ಹೊಳೆಗಳಲ್ಲಿ ಬಳಸುವ ಇಡೀ ಬಿದಿರಿನಂತೆ ಅದು ಟೊಳ್ಳಲ್ಲ, ಒಳಗೂ ತುಂಬಿಕೊಂಡಿರುತ್ತದೆ. ಹಾಗಾಗಿ ನೀವು ಎಸೆಯುವಾಗ ಶಕ್ತಿಯ ಒಂದು ಭಾಗ ಕೋಲಿನ ಸ್ವಂತ ತೂಕವನ್ನು ಅಲುಗಿಸುವುದಕ್ಕೇ ಖರ್ಚಾಗುತ್ತದೆ. ಕಾರ್ಬನ್ ಫೈಬರ್ ಇದಕ್ಕೆ ತದ್ವಿರುದ್ಧ. ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್‌ನಲ್ಲಿ 1960ರ ದಶಕದಲ್ಲಿ ರೂಪುಗೊಂಡ ಈ ವಸ್ತು ತನ್ನ ತೂಕಕ್ಕೆ ಹೋಲಿಸಿದರೆ ಬಹಳ ಬಿಗಿಯಾದದ್ದು; ಆದ್ದರಿಂದ ತೆಳು ಗೋಡೆಯ ಕೊಳವೆಯಾಗಿ ಮಾಡಿದರೂ ಬಲ ಉಳಿಯುತ್ತದೆ, ಬಾಗಿದ ಕೋಲು ಬೇಗ ನೆಟ್ಟಗಾಗುತ್ತದೆ, ಎಸೆತ ದೂರ ಹೋಗುತ್ತದೆ.

ಹಳೆಯದು ದುರ್ಬಲ ಎಂದು ಮಾತ್ರ ಭಾವಿಸಬೇಡಿ. 1952ರಲ್ಲಿ ಹಿಯರ್‌ಫರ್ಡ್‌ಷೈರ್‌ನ ರೆಡ್‌ಮೈರ್ ಕೊಳದಲ್ಲಿ ವಾಕರ್ ಹಿಡಿದ 44 ಪೌಂಡಿನ ಕಾರ್ಪ್, ಅವರೇ ವಿನ್ಯಾಸಗೊಳಿಸಿದ ಮಾರ್ಕ್ ಫೋರ್ ಎಂಬ 10 ಅಡಿಯ ಸ್ಪ್ಲಿಟ್ ಕೇನ್ ಕೋಲಿಗೆ ಸಿಕ್ಕಿದ್ದು. ದೊಡ್ಡ ಮೀನು ದಡದ ಹತ್ತಿರವೇ ತಟ್ಟನೆ ಮುಳುಗಿ ಎಳೆದಾಗ ಬಿದಿರು ಹಿಡಿಯವರೆಗೆ ಬಾಗಿ ಆ ಸೆಳೆತವನ್ನು ನುಂಗಿಕೊಳ್ಳುವುದನ್ನು ಕೈಯಲ್ಲಿ ಅನುಭವಿಸಿದವರು ಅದನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ.

ಟ್ರೆಂಟ್ ಹೊಳೆಯವಳು (ಉತ್ತರ)

ಮೇಲಿನವರ ಮಾತಿಗೆ ಉದ್ದದ ವಿಷಯವನ್ನು ಸೇರಿಸುತ್ತೇನೆ. ಹಳತು ಹೊಸತುಗಳ ಚರ್ಚೆಯಲ್ಲಿ ಇದನ್ನು ಜನ ಮರೆಯುವುದೇ ಹೆಚ್ಚು. ಹರಿವ ನೀರಿನಲ್ಲಿ ಬೆಂಡು ಕಟ್ಟಿ ತೇಲಿಬಿಡುವಾಗ ಕೋಲು ಮತ್ತು ಬೆಂಡಿನ ನಡುವಿನ ನೂಲನ್ನು ನೀರಿನಿಂದ ಎತ್ತಿ ಹಿಡಿಯಬೇಕು, ಇಲ್ಲದಿದ್ದರೆ ಸೆಳವು ನೂಲನ್ನು ಬಿಲ್ಲಿನಂತೆ ಬಾಗಿಸಿ ಬೆಂಡನ್ನು ದಾರಿ ತಪ್ಪಿಸುತ್ತದೆ. 10 ಅಡಿಯ ಕೋಲಿನಲ್ಲಿ ಇದು ಕಷ್ಟ, 13 ಅಡಿಯಲ್ಲಿ ಸುಲಭ. ಇಂದಿನ 13 ಅಡಿಯ ಒಳ್ಳೆಯ ಕಾರ್ಬನ್ ಮ್ಯಾಚ್ ಕೋಲು (ಬೆಂಡಿನ ಗಾಳಕ್ಕೆ ಬಳಸುವ ಉದ್ದ ಕೋಲು) 200 ಗ್ರಾಂ ಕೂಡ ತೂಗುವುದಿಲ್ಲವಾದ್ದರಿಂದ ದಿನವಿಡೀ ಕೈಯಲ್ಲಿ ಹಿಡಿದು ನಿಲ್ಲಬಹುದು. ಅಷ್ಟುದ್ದದ ಕೋಲನ್ನು ಪೂರ್ತಿ ಸ್ಪ್ಲಿಟ್ ಕೇನ್‌ನಲ್ಲಿ ಮಾಡಿದರೆ ತೋಳು ತಾಳದು. ಹಿಂದಿನವರು ಬೆಂಡಿನ ಕೋಲುಗಳ ಬುಡಕ್ಕೆ ಸ್ಪ್ಯಾನಿಷ್ ರೀಡ್ ಎಂಬ ಹಗುರವಾದ ಟೊಳ್ಳು ಜೊಂಡನ್ನು ಬಳಸಿ, ತುದಿಗೆ ಮಾತ್ರ ಸ್ಪ್ಲಿಟ್ ಕೇನ್ ಇಡುತ್ತಿದ್ದುದು ಇದೇ ಕಾರಣಕ್ಕೆ. ಬೆಂಡಿನ ಕೆಲಸಕ್ಕೆ ಹೊಸದೇ ಮೇಲು, ಇದರಲ್ಲಿ ನನಗೆ ಸಂದೇಹವಿಲ್ಲ.

ಗ್ಲಾಸ್ ಕೋಲಿನ ಪರವಾಗಿ ಯಾರೂ ಮಾತನಾಡಿಲ್ಲ, ಅದು ಅನ್ಯಾಯ. ಅದು ದಪ್ಪ, ಭಾರ, ಉದ್ದವಾದಷ್ಟೂ ತುದಿ ಜೋತುಬೀಳುತ್ತದೆ, ಎಲ್ಲವೂ ನಿಜ. ಆದರೆ ನೀರಿನಲ್ಲಿ ನೆನೆದರೂ ಅದಕ್ಕೆ ಬಿದಿರಿನಷ್ಟು ಹಾನಿಯಿಲ್ಲ, ಕಲ್ಲಿಗೆ ತಾಗಿದರೂ ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಕಾರ್ಬನ್ ಕೋಲಿಗೆ ಸೀಸದ ಗುಂಡು ಬಡಿದು ಸಣ್ಣ ಗೀರು ಬಿದ್ದರೂ ಸಾಕು, ಮುಂದೊಂದು ದಿನ ಭಾರ ಬಿದ್ದಾಗ ಅದು ಅಲ್ಲಿಯೇ ಮುರಿಯಬಹುದು. ಪರ್ಚ್ ಮೀನಿನ ತುಟಿಯ ಬಳಿಯ ತೆಳು ಚರ್ಮದಲ್ಲಿ ಸಣ್ಣ ಗಾಳ ನೆಟ್ಟಾಗ, ಮೆತ್ತಗೆ ಬಾಗುವ ಗ್ಲಾಸ್ ತುದಿಯು ಅದನ್ನು ಹರಿಯದಂತೆ ಕಾಪಾಡುತ್ತದೆ.

ಜೊತೆಗೆ ಒಂದು ಎಚ್ಚರಿಕೆಯನ್ನು ಎಲ್ಲರೂ ಗಮನಿಸಬೇಕು. ಕಾರ್ಬನ್ ವಿದ್ಯುತ್ ವಾಹಕ. ಮೇಲೆ ವಿದ್ಯುತ್ ತಂತಿ ಹಾದುಹೋಗುವ ದಡಗಳಲ್ಲಿ ಕನಿಷ್ಠ 30 ಮೀಟರ್ ದೂರವಿರಬೇಕೆಂದು ಇಲ್ಲಿನ ಸೂಚನೆಯಿದೆ. ಕೋಲು ತಂತಿಗೆ ತಾಗಲೇಬೇಕೆಂದಿಲ್ಲ, ತೀರಾ ಹತ್ತಿರ ಹೋದರೂ ವಿದ್ಯುತ್ ಹಾರಿ ಬರುತ್ತದೆ. ಒದ್ದೆಯಾದ ಬಿದಿರು, ಗ್ಲಾಸ್‌ಗಳನ್ನೂ ನಂಬಬೇಡಿ.

ಕೆನೆಟ್ ತೀರದವ

ಇಬ್ಬರಿಗೂ ಮನಃಪೂರ್ವಕ ವಂದನೆಗಳು. ನೀವು ಹೇಳಿದಂತೆ ಅಳೆದು ನೋಡಿದೆ. ಬಿದಿರಿನ ಕೋಲು ನನ್ನ ಕಾರ್ಬನ್‌ನ ಹತ್ತಿರದಲ್ಲೇ, ಸುಮಾರು 1.25 ಪೌಂಡಿಗೆ ಲಂಬಕೋನಕ್ಕೆ ಬಂತು. ಆದರೂ ಕೈಯಲ್ಲಿ ಆಡಿಸಿದರೆ ಎರಡಕ್ಕೂ ಸಂಬಂಧವೇ ಇಲ್ಲವೆನ್ನುವಷ್ಟು ವ್ಯತ್ಯಾಸವಿದೆ. ಹತ್ತಿರದಿಂದ ನೋಡಿದಾಗ ಹಿತ್ತಾಳೆಯ ಫೆರೂಲ್‌ನ (ಕೋಲಿನ ತುಂಡುಗಳನ್ನು ಜೋಡಿಸುವ ಕೊಳವೆಯ) ತುಸು ಮೇಲೆ, ಎರಡು ಸೀಳುಗಳು ಕೂಡುವಲ್ಲಿ, ವಾರ್ನಿಷ್‌ನ ಕೆಳಗೆ ಬೆರಳುದ್ದದ ಬಿಳಿಚಿದ ಗೆರೆ ಕಂಡಿತು. ಕೋಲನ್ನು ಅಲ್ಲಾಡಿಸಿದರೆ ಫೆರೂಲ್ ಟಿಕ್ ಎನ್ನುತ್ತದೆ. ತುದಿಯ ಉಂಗುರದಲ್ಲಿ ನೂಲು ಓಡಾಡಿ ಸಣ್ಣ ಕಚ್ಚು ಬಿದ್ದಂತಿದೆ. ಹೀಗೆಯೇ ಬಳಸಬಹುದೇ?

ಹಿತ್ತಾಳೆ ಫೆರೂಲ್ (ಉತ್ತರ)

ಹಳೆಯ ಕೋಲುಗಳನ್ನು ರಿಪೇರಿ ಮಾಡುವುದು ನನ್ನ ಹವ್ಯಾಸವಾದ್ದರಿಂದ ಈ ಭಾಗಕ್ಕೆ ನಾನು ಉತ್ತರಿಸುತ್ತೇನೆ. ಬಿಳಿಚಿದ ಗೆರೆ ಎಂದರೆ ವಾರ್ನಿಷ್‌ನ ಕೆಳಗೆ ತೇವ ಸೇರಿರಬಹುದು, ಅಥವಾ ಅಂಟು ಬಿಟ್ಟಿರಬಹುದು. ಆ ಜಾಗದ ಎರಡೂ ಬದಿಯನ್ನು ಹಿಡಿದು ಬಹಳ ಮೃದುವಾಗಿ ತಿರುಚಿದಾಗ ಸೀಳುಗಳು ಒಂದರ ಮೇಲೊಂದು ಸರಿಯುವಂತೆ ಅನ್ನಿಸಿದರೆ, ಅಥವಾ ಕಿರುಗುಟ್ಟಿದರೆ, ಅಂಟು ಬಿಟ್ಟಿದೆ ಎಂದೇ ತಿಳಿಯಿರಿ. ಅಂತಹ ಕೋಲಿಗೆ ಮೀನಿನ ಭಾರ ಕೊಡಬೇಡಿ. ಸ್ಪ್ಲಿಟ್ ಕೇನ್ ಕೆಲಸ ಬಲ್ಲವರಿಗೆ ಕೊಟ್ಟು ಮರಳಿ ಅಂಟಿಸಿ, ಹೊಸದಾಗಿ ವಾರ್ನಿಷ್ ಮಾಡಿಸಿ. ಏನೂ ಸರಿಯದಿದ್ದರೆ ಹಳೆಯ ವಾರ್ನಿಷ್ ತೆಗೆದು, ಒಣಗಿಸಿ, ಹೊಸ ಲೇಪ ಕೊಟ್ಟರೆ ಸಾಕಾಗಬಹುದು.

ಫೆರೂಲ್ ಟಿಕ್ ಎನ್ನುವುದಕ್ಕೆ ಎರಡು ಕಾರಣಗಳಿರುತ್ತವೆ: ಗಂಡು ಹೆಣ್ಣು ಭಾಗಗಳು ಸವೆದಿರುತ್ತವೆ, ಇಲ್ಲವೇ ಹಿತ್ತಾಳೆ ಬಿದಿರಿನಿಂದ ಸಡಿಲಗೊಂಡಿರುತ್ತದೆ. ಎರಡನೆಯದೇ ಅಪಾಯಕರ, ಏಕೆಂದರೆ ಸಡಿಲಾದ ಲೋಹದ ಅಂಚು ಬಿದಿರನ್ನು ಕಡಿಯುತ್ತಾ ಹೋಗುತ್ತದೆ. ಕೋಲನ್ನು ಬಿಚ್ಚುವಾಗ ಎಂದಿಗೂ ತಿರುಚಬೇಡಿ, ನೇರವಾಗಿ ಎಳೆಯಿರಿ. ಉಂಗುರದ ಪರೀಕ್ಷೆಗೆ ಚೂರು ಹತ್ತಿಯನ್ನು ಒಳಗಿನಿಂದ ಎಳೆದು ನೋಡಿ. ಎಳೆ ಸಿಕ್ಕಿಕೊಂಡರೆ ನೂಲನ್ನೂ ಅದು ಕೊಯ್ಯುತ್ತದೆ. ಈಗಿನ ಸಿಲಿಕಾನ್ ಕಾರ್ಬೈಡ್ ಉಂಗುರಗಳಷ್ಟು ಗಟ್ಟಿತನ ಹಳೆಯ ಕ್ರೋಮ್ ಉಂಗುರಗಳಿಗೆ ಇರಲಿಲ್ಲವಾದ್ದರಿಂದ, ದುರಸ್ತಿಯ ನಂತರವೂ ಆ ಕೋಲಿನಲ್ಲಿ ಬ್ರೇಡ್ (ಹೆಣೆದ) ನೂಲು ಬಳಸಬೇಡಿ, ನೈಲಾನ್ ಸಾಕು. ಹಿಗ್ಗದ ಬ್ರೇಡ್ ಕೊಡುವ ಜಗ್ಗಾಟ ಹಳೆಯ ಅಂಟಿಗೂ ಒಳ್ಳೆಯದಲ್ಲ. ಬಳಸಿದ ಮೇಲೆ ಒರೆಸಿ, ಗಾಳಿಗೆ ಒಣಗಿಸಿ, ಚೀಲದ ಕುಣಿಕೆಯಿಂದ ತೂಗುಹಾಕಿ. ಮೂಲೆಗೆ ಒರಗಿಸಿಟ್ಟರೆ ಬಿದಿರು ಶಾಶ್ವತವಾಗಿ ಸೊಟ್ಟಗಾಗುತ್ತದೆ.

ನಿಮ್ಮ ಕೆನೆಟ್‌ಗೆ ಹೇಳುವುದಾದರೆ, ಕಳೆಗಿಡಗಳ ನಡುವೆ ಓಡಿ ಅಡಗುವ ಬಾರ್ಬೆಲ್‌ಗೆ, ಅದರಲ್ಲೂ 2 ಔನ್ಸ್ ಫೀಡರ್ (ಮೇವು ತುಂಬುವ ತೂಕದ ಸಣ್ಣ ಬುಟ್ಟಿ) ಎಸೆಯಬೇಕಾದ ಬಲವಾದ ಸೆಳವಿಗೆ, ಈ ಮೂರರಲ್ಲಿ ಯಾವುದೂ ಸರಿಯಲ್ಲ, 1.75 ಪೌಂಡಿನ ಕಾರ್ಬನ್ ಬಾರ್ಬೆಲ್ ಕೋಲನ್ನೇ ಕೊಳ್ಳಿ. ಬೆಂಡಿಗೆ 13 ಅಡಿಯ ಕಾರ್ಬನ್ ಬೇಕು. ಚಳಿಗಾಲದಲ್ಲಿ ಮರದ ಬುಡದ ಚಬ್‌ಗೆ ಬ್ರೆಡ್ಡಿನ ಚೂರು ಸಿಕ್ಕಿಸಿ ಹತ್ತಿರದಲ್ಲೇ ಇಳಿಬಿಡುವುದಕ್ಕೆ ಮಾತ್ರ ಹೊಸದನ್ನು ಮನೆಯಲ್ಲೇ ಬಿಟ್ಟು ಬಿದಿರನ್ನು ಒಯ್ಯಿರಿ. ಇಲ್ಲಿನ ನದಿಗಳಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ಈ ಮೀನುಗಳಿಗೆ ಗಾಳ ಹಾಕುವುದು ನಿಷಿದ್ಧವಾದ್ದರಿಂದ ದುರಸ್ತಿಗೆ ಆ ಮೂರು ತಿಂಗಳು ಧಾರಾಳ. ಅಲ್ಲಿಯವರೆಗೆ ಗ್ಲಾಸ್ ಕೋಲಿನ ಉಂಗುರಗಳನ್ನೂ ಹತ್ತಿಯಿಂದ ಪರೀಕ್ಷಿಸಿ, ಅವು ನುಣುಪಾಗಿದ್ದರೆ ಅದನ್ನೇ ಬಳಸುತ್ತಿರಿ.