ಹಂಚಿನ ಮನೆಯ ಹೊರಗೋಡೆಗೆ ಬಣ್ಣ: ನಾವೇ ಮಾಡಬಹುದಾ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದು ಹಳೇ ಹಂಚಿನ ಮನೆ, ಮಣ್ಣಿನ ಗೋಡೆ. ಈ ಮಳೆಗಾಲಕ್ಕೆ ಹೊರಗೋಡೆ ತುಂಬಾ ಪಾಚಿ. ಮಾರ್ಚಿಗೆ ಮಗಳ ಮದುವೆ. ಪೇಂಟರ್ ಹೇಳಿದ ರೇಟು ನಮಗೆ ಆಗಲ್ಲ. ನಾನೂ ತಮ್ಮನೂ ಸೇರಿ ಮಾಡಬಹುದಾ?

ಉತ್ತರ: ಖಂಡಿತ ಮಾಡಿ ಅಣ್ಣಾ. ಆದರೆ ಮಣ್ಣಿನ ಗೋಡೆಗೆ ಪ್ಲಾಸ್ಟಿಕ್ ಪೇಂಟ್ ಬೇಡವೇ ಬೇಡ. ಒಳಗಿನ ತೇವಕ್ಕೆ ದಾರಿ ಸಿಗದೆ ಬಣ್ಣ ಪದರ ಪದರವಾಗಿ ಏಳುತ್ತದೆ. ಸುಣ್ಣವೇ ಸರಿ. ಪಾಚಿ ಪೂರ್ತಿ ಒಣಗಿದ ಮೇಲೆ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಸುಣ್ಣವನ್ನು ಹಿಂದಿನ ದಿನವೇ ನೆನೆಸಿ, ಸೋಸಿ. ಗೋಡೆಗೆ ನೀರು ಚಿಮುಕಿಸಿ ತೆಳ್ಳಗೆ ಬಳಿಯಿರಿ. ದಪ್ಪಗೆ ಒಂದು ಸಲಕ್ಕಿಂತ ತೆಳ್ಳಗೆ 3 ಸಲ ಒಳ್ಳೇದು. ಕಣ್ಣು ಜೋಪಾನ, ಬೇಯುವ ಸುಣ್ಣ ಸಿಡಿಯುತ್ತದೆ.

ಇನ್ನೊಬ್ಬರು: ಕೆಳಗಿನ 2 ಅಡಿಗೆ ಕೆಮ್ಮಣ್ಣಿನ ಪಟ್ಟಿ ಬಳಿಯಿರಿ. ಸೂರಿನ ನೀರು ಸಿಡಿಸುವ ಕೆಸರು ಅಷ್ಟು ಕಾಣಲ್ಲ.

ಪ್ರಶ್ನೆ ಕೇಳಿದವರು: ಜಗಲಿಯ ಮರದ ಕಂಬಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಸಾಕಲ್ವಾ?

ಉತ್ತರ: ಸಾಕು. ಗೆದ್ದಲೂ ದೂರ. ಕೈಗೆ ಗ್ಲೌಸ್ ಹಾಕಿ, ಚರ್ಮ ಸುಡುತ್ತದೆ.