ಕೂಲೆಂಟ್ ಮತ್ತೆ ಮತ್ತೆ ಇಳಿಯುತ್ತಿದೆ: ಹೊಸ ಚಾಲಕರು ಸ್ವತಃ ಏನನ್ನು ನೋಡಿಕೊಳ್ಳಬೇಕು?

ಪ್ರಶ್ನೆ

ನಾನು ಲೈಸೆನ್ಸ್ ಪಡೆದು ನಾಲ್ಕು ತಿಂಗಳಾಗಿದೆ. ಎಂಟು ವರ್ಷ ಹಳೆಯ ಪೆಟ್ರೋಲ್ ಕಾರೊಂದನ್ನು ಕೊಂಡು ದಿನವೂ ಓಡಿಸುತ್ತಿದ್ದೇನೆ. ಚಾಲನೆ ಕಲಿಸಿದವರು ಬಾನೆಟ್ ಎತ್ತಿ ಒಳಗೆ ಏನಿದೆಯೆಂದು ಒಮ್ಮೆಯೂ ತೋರಿಸಲಿಲ್ಲ. ಕಳೆದ ತಿಂಗಳು ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಡಬ್ಬಿಯ ಮಟ್ಟವು ಕೆಳಗಿನ ಗೆರೆಗಿಂತಲೂ ಕೆಳಕ್ಕೆ ಹೋಗಿದ್ದನ್ನು ಕಂಡು ನಲ್ಲಿ ನೀರನ್ನು ತುಂಬಿಸಿದೆ. ಮೂರು ವಾರಗಳಲ್ಲಿ ಅದು ಮತ್ತೆ ಅಷ್ಟೇ ಇಳಿದಿದೆ. ಟೈರಿನ ಮೈಮೇಲೆ 51 ಪಿಎಸ್‌ಐ ಎಂದು ಅಚ್ಚಾಗಿದ್ದುದರಿಂದ ಅಷ್ಟೇ ಗಾಳಿ ಹಾಕಿಸಿದೆ. ಅಂದಿನಿಂದ ಕಾರು ಸಣ್ಣ ಉಬ್ಬಿಗೂ ಕುಪ್ಪಳಿಸುತ್ತದೆ. ಯಾವುದನ್ನು ನಾನೇ ನೋಡಿಕೊಳ್ಳಬಹುದು, ಯಾವುದಕ್ಕೆ ಮೆಕ್ಯಾನಿಕ್ ಬಳಿ ಹೋಗಲೇಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1

ಮೊದಲು ಕೂಲೆಂಟ್ ವಿಷಯವನ್ನೇ ಹೇಳುತ್ತೇನೆ, ಏಕೆಂದರೆ ಅದು ಕಾಯುವಂಥದ್ದಲ್ಲ. ಕೂಲೆಂಟ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಅದು ಎಂಜಿನ್ ಮತ್ತು ರೇಡಿಯೇಟರ್ ನಡುವೆ ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಿರುತ್ತದೆ. ಆದ್ದರಿಂದ ತಿಂಗಳೊಳಗೆ ಎರಡು ಸಲ ಇಳಿದಿದೆಯೆಂದರೆ ಅದು ಎಲ್ಲಿಂದಲೋ ಹೊರಗೆ ಹೋಗುತ್ತಿದೆ ಎಂದೇ ಅರ್ಥ. ತುಂಬಿಸುವುದರಿಂದ ಮಟ್ಟ ಸರಿಹೋಗುತ್ತದೆ, ಸೋರಿಕೆ ಹಾಗೆಯೇ ಉಳಿಯುತ್ತದೆ.

ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳವನ್ನಾಗಲಿ ಕೂಲೆಂಟ್ ಡಬ್ಬಿಯ ಮುಚ್ಚಳವನ್ನಾಗಲಿ ಎಂದಿಗೂ ತಿರುಗಿಸಬೇಡಿ. ಒಳಗಿನ ಒತ್ತಡದಿಂದಾಗಿ ಆ ದ್ರವವು 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯದೆ ನಿಂತಿರುತ್ತದೆ; ಮುಚ್ಚಳ ಸಡಿಲವಾಗಿ ಒತ್ತಡ ಇಳಿದ ಕ್ಷಣವೇ ಆವಿಯಾಗಿ ಮುಖಕ್ಕೂ ಕೈಗೂ ಚಿಮ್ಮುತ್ತದೆ. ಎಂಜಿನ್ ನಿಲ್ಲಿಸಿದ ಮೇಲೂ ಫ್ಯಾನ್ ತಾನಾಗಿಯೇ ತಿರುಗಲಾರಂಭಿಸಬಹುದು, ಆದುದರಿಂದ ಅದರ ಹತ್ತಿರ ಬೆರಳು ಒಯ್ಯಬೇಡಿ.

ಇಂದು ರಾತ್ರಿ ಕಾರಿನ ಮುಂಭಾಗದ ಕೆಳಗೆ ಒಂದು ದೊಡ್ಡ ರಟ್ಟನ್ನು ಹಾಸಿಡಿ. ಬಣ್ಣವಿಲ್ಲದ ತಿಳಿನೀರು ಬಿದ್ದಿದ್ದರೆ ಅದು ಎಸಿಯ ನೀರಿರಬಹುದು, ಹೆದರಬೇಕಾಗಿಲ್ಲ. ಗುಲಾಬಿ, ಹಸಿರು ಅಥವಾ ನೀಲಿ ಬಣ್ಣದ ಅಂಟಂಟು ಹನಿಯಾದರೆ ಕೂಲೆಂಟ್. ಕಪ್ಪು ಅಥವಾ ಕಂದು ಜಿಡ್ಡಾದರೆ ಎಂಜಿನ್ ಆಯಿಲ್. ರಟ್ಟು ಒಣಗಿಯೇ ಇದ್ದು ಒಳಗಿನ ನೆಲಹಾಸು ತೇವವಾಗಿದ್ದರೆ ಹೀಟರಿನ ಕಡೆಯಿಂದ ಸೋರುತ್ತಿರಬಹುದು. ಎಲ್ಲಿಯೂ ಹನಿಯಿಲ್ಲದೆ, ಬಿಸಿಯಾದ ಎಂಜಿನ್ನಿನ ಸೈಲೆನ್ಸರಿನಿಂದ ಸಿಹಿ ವಾಸನೆಯ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಕೂಲೆಂಟ್ ಎಂಜಿನ್ನಿನ ಒಳಗೇ ಉರಿಯುತ್ತಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಕಾರನ್ನು ಓಡಿಸಲೇಬೇಡಿ.

ನಲ್ಲಿ ನೀರು ಆಪತ್ಕಾಲಕ್ಕೆ ಸರಿ. ಆದರೆ ಅದರಲ್ಲಿರುವ ಲವಣಗಳು ಸಣ್ಣ ಕೊಳವೆಗಳಲ್ಲಿ ಗಟ್ಟಿಯಾಗುತ್ತವೆ, ತುಕ್ಕು ತಡೆಯುವ ಅಂಶವೂ ತೆಳುವಾಗುತ್ತದೆ. ಸೋರಿಕೆ ಸರಿಪಡಿಸಿದ ನಂತರ ಹಳೆಯದನ್ನು ಪೂರ್ತಿ ತೆಗೆಸಿ, ಕಾರಿನ ಕೈಪಿಡಿ ಹೇಳುವ ಕೂಲೆಂಟನ್ನೇ ಹಾಕಿಸಿ. ಬಣ್ಣ ನೋಡಿ ಆರಿಸುವುದು ತಪ್ಪು, ಏಕೆಂದರೆ ಒಂದೇ ಬಣ್ಣದ ಎರಡು ಕೂಲೆಂಟ್‌ಗಳ ಒಳಗಿನ ರಸಾಯನ ಬೇರೆ ಬೇರೆ ಇರಬಹುದು.

ಉತ್ತರ 2

ಟೈರಿನ ಬಗ್ಗೆ ಮಾತ್ರ ಹೇಳುತ್ತೇನೆ. ಟೈರಿನ ಮೇಲೆ ಅಚ್ಚಾಗಿರುವುದು ಆ ಟೈರ್ ತಾಳಿಕೊಳ್ಳುವ ಗರಿಷ್ಠ ಒತ್ತಡವೇ ಹೊರತು ನಿಮ್ಮ ಕಾರಿಗೆ ಬೇಕಾದ ಒತ್ತಡವಲ್ಲ. ಬೇಕಾದ ಅಂಕಿ ಸಾಮಾನ್ಯವಾಗಿ ಚಾಲಕನ ಬಾಗಿಲು ತೆರೆದಾಗ ಕಾಣುವ ಕಂಬದ ಮೇಲಿನ ಚೀಟಿಯಲ್ಲಿರುತ್ತದೆ. ಹಿಂದಿನ ಮತ್ತು ಮುಂದಿನ ಚಕ್ರಗಳಿಗೆ, ಪೂರ್ತಿ ಭಾರಕ್ಕೆ ಬೇರೆ ಬೇರೆ ಅಂಕಿಗಳಿರಬಹುದು. ಅತಿಯಾಗಿ ಉಬ್ಬಿದ ಟೈರ್ ನಡುಭಾಗದಿಂದ ಮಾತ್ರ ರಸ್ತೆಯನ್ನು ಹಿಡಿಯುತ್ತದೆ, ಮಳೆಯಲ್ಲಿ ಬೇಗ ಜಾರುತ್ತದೆ. ಇಂದೇ ಸರಿಪಡಿಸಿಕೊಳ್ಳಿ.

ಕೆಲವು ಗಂಟೆ ನಿಂತು ತಣಿದಿರುವ ಕಾರಿನಲ್ಲೇ ಒತ್ತಡ ಅಳೆಯಬೇಕು. ಓಡಿ ಬಿಸಿಯಾದ ಟೈರ್ ಹೆಚ್ಚಿನ ಅಂಕಿ ತೋರಿಸುತ್ತದೆ; ಅದನ್ನು ನಂಬಿ ಗಾಳಿ ಬಿಟ್ಟರೆ ತಣಿದಾಗ ಕಡಿಮೆಯಾಗುತ್ತದೆ. ತಿಂಗಳಿಗೊಮ್ಮೆ ನೋಡುವಾಗ ಸ್ಟೆಪ್ನಿಯನ್ನು ಮರೆಯಬೇಡಿ. ಟೈರಿನ ಮೈಮೇಲಿನ ತೋಡುಗಳ ತಳದಲ್ಲಿ ಅಡ್ಡವಾಗಿ ಸಣ್ಣ ರಬ್ಬರ್ ದಿಣ್ಣೆಗಳಿರುತ್ತವೆ, ಅವುಗಳ ಎತ್ತರ 1.6 ಮಿಲಿಮೀಟರ್. ಸವೆತ ಅವುಗಳ ಮಟ್ಟಕ್ಕೆ ಬಂದರೆ ಟೈರಿನ ಆಯುಸ್ಸು ಮುಗಿದಂತೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಬಾಗಿಲಿನ ಚೀಟಿಯಲ್ಲಿ 33 ಎಂದಿತ್ತು, ಹಾಗೆಯೇ ಮಾಡಿಸಿದೆ. ಬೆಳಿಗ್ಗೆ ರಟ್ಟಿನ ಮೇಲೆ ನಾಣ್ಯದಷ್ಟು ಅಗಲದ ಎರಡು ಗುಲಾಬಿ ಕಲೆಗಳಿದ್ದವು. ಟಾರ್ಚ್ ಹಿಡಿದು ನೋಡಿದಾಗ ರೇಡಿಯೇಟರಿನ ಕೆಳಗಿನ ರಬ್ಬರ್ ಪೈಪ್ ಸೇರುವಲ್ಲಿ, ಕ್ಲಿಪ್ಪಿನ ಸುತ್ತ ಒಣಗಿದ ಉಪ್ಪಿನಂಥ ಪದರ ಕಾಣಿಸಿತು, ಅದರ ಅಂಚಿನಲ್ಲಿ ಒಂದು ಹನಿ ತೂಗುತ್ತಿತ್ತು. ಮೆಕ್ಯಾನಿಕ್ ಬಳಿಗೆ ಓಡಿಸಿಕೊಂಡು ಹೋಗಬಹುದೇ? ಎಂಜಿನ್ ಆಯಿಲ್ ನೋಡುವ ಕ್ರಮವನ್ನೂ ತಿಳಿಸಿ.

ಉತ್ತರ 3

ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಮಟ್ಟವನ್ನು ಎರಡು ಗೆರೆಗಳ ನಡುವೆ ತಂದು, ಹತ್ತಿರದಲ್ಲಿಯೇ ಮೆಕ್ಯಾನಿಕ್ ಇದ್ದರೆ ನಿಧಾನವಾಗಿ ಹೋಗಬಹುದು. ಕಣ್ಣು ತಾಪಮಾನದ ಮುಳ್ಳಿನ ಮೇಲಿರಲಿ. ಅದು ಏರತೊಡಗಿದರೆ ಎಸಿ ಆರಿಸಿ, ಹೀಟರನ್ನು ಪೂರ್ತಿ ಹಾಕಿ, ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ ಎಂಜಿನ್ ಆರಿಸಿ. ಅತಿಯಾಗಿ ಕಾದ ಎಂಜಿನ್ನಿನಲ್ಲಿ ಇನ್ನೂ ಸ್ವಲ್ಪ ದೂರ ಎಂದುಕೊಂಡು ಓಡಿಸಿದರೆ ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ ಬಾಗಬಹುದು, ಒಂದು ಕ್ಲಿಪ್ಪಿನ ಕೆಲಸ ಇಡೀ ಎಂಜಿನ್ ಬಿಚ್ಚುವ ಕೆಲಸವಾಗಬಹುದು. ಪೈಪ್ ಮೆತ್ತಗಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಕ್ಲಿಪ್ಪಿನೊಡನೆ ಪೈಪನ್ನೂ ಬದಲಾಯಿಸಲು ಹೇಳಿ.

ಆಯಿಲ್ ನೋಡಲು ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಡಿ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ಎಳೆದು ಬಟ್ಟೆಯಿಂದ ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆದಾಗ ಕಾಣುವ ಗುರುತೇ ನಿಜವಾದ ಮಟ್ಟ. ಅದು ಎರಡು ಗುರುತುಗಳ ನಡುವೆ ಇದ್ದರೆ ಸಾಕು, ಮೇಲಿನ ಗುರುತನ್ನು ಮೀರಬಾರದು. ಕಪ್ಪಾದ ಮಾತ್ರಕ್ಕೆ ಆಯಿಲ್ ಕೆಟ್ಟಿತೆಂದಲ್ಲ. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಒಳಗೆ ನೀರು ಸೇರಿದೆಯೆಂದು ಅನುಮಾನಿಸಿ.

ಬ್ರೇಕ್ ಆಯಿಲ್ ಡಬ್ಬಿಯನ್ನೂ ಹೊರಗಿನಿಂದಲೇ ನೋಡಿ, ಆದರೆ ಇಳಿದಿದೆಯೆಂದು ನೀವೇ ತುಂಬಿಸಬೇಡಿ. ಬ್ರೇಕ್ ಪ್ಯಾಡ್ ಸವೆದಂತೆ ಮಟ್ಟ ನಿಧಾನವಾಗಿ ಇಳಿಯುವುದು ಸಹಜ. ಥಟ್ಟನೆ ಇಳಿದಿದ್ದರೆ ಸೋರಿಕೆ ಇರುತ್ತದೆ. ಎರಡರಲ್ಲಿ ಯಾವುದೆಂದು ಚಕ್ರ ಬಿಚ್ಚಿ ನೋಡುವುದು ಮೆಕ್ಯಾನಿಕ್ ಕೆಲಸ. ಹೇಗೂ ಅಲ್ಲಿಗೆ ಹೋಗುತ್ತಿದ್ದೀರಿ, ಪ್ಯಾಡಿನಲ್ಲಿ ಎಷ್ಟು ದಪ್ಪ ಉಳಿದಿದೆಯೆಂದು ನಿಮ್ಮ ಕಣ್ಣಿಗೇ ತೋರಿಸುವಂತೆ ಕೇಳಿ.